ಪ್ರಕೃತಿ ಚಿಕಿತ್ಸೆ: ಪರವಾನಗಿ ಯಾರದು, ಮಿತಿ ಎಲ್ಲಿ?

ಪ್ರಕೃತಿ ಚಿಕಿತ್ಸೆಯ ಡಾಕ್ಟರರಿಗೆ ಅನುಮತಿ ಕೊಡುವವರು ಯಾರು? ಅವರು ಇಂಜೆಕ್ಷನ್ ಕೊಡಬಹುದೇ?
— ಓದುಗರು, ತುಳಸಿಗೇರಿ

ಪ್ರಕೃತಿ ಚಿಕಿತ್ಸೆಯ ಪದವಿ ಬಿಎನ್‌ವೈಎಸ್: ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜು 1989ರಲ್ಲೇ ಆರಂಭವಾಯಿತು. ಆದರೆ ಪದವಿಯೊಂದೇ ಸಾಲದು. ಗಾಡಿ ಓಡಿಸಲು ಕಲಿತವರೂ ಲೈಸೆನ್ಸ್ ಪಡೆಯಬೇಕು. ಬೈಕಿನ ಲೈಸೆನ್ಸಿನಲ್ಲಿ ಬಸ್ಸು ಓಡಿಸುವಂತಿಲ್ಲ. ವೈದ್ಯವೃತ್ತಿಯದೂ ಅದೇ ಕ್ರಮ.

ರಾಜ್ಯದ 1961ರ ನೋಂದಣಿ ಕಾಯ್ದೆಯ ವ್ಯಾಪ್ತಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿಗಳ ಜೊತೆ ಪ್ರಕೃತಿ ಚಿಕಿತ್ಸೆ, ಯೋಗವೂ ಇವೆ. ಅದರಡಿಯ ವೈದ್ಯ ಮಂಡಳಿಯ ಪಟ್ಟಿಯಲ್ಲಿ ಹೆಸರು ಸೇರಿದ ಮೇಲೆಯೇ ವೃತ್ತಿ ಶುರು. ಕ್ಲಿನಿಕ್ ತೆರೆಯಲು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಬೇರೆಯದೇ ನೋಂದಣಿ ಬೇಕು.

ಈ ಪದ್ಧತಿ ಔಷಧಿ ಬಳಸುವುದಿಲ್ಲ. ನೆನೆಸಿದ ಮಣ್ಣನ್ನು ಬಟ್ಟೆಯಲ್ಲಿ ಹರವಿ ಹೊಟ್ಟೆಯ ಮೇಲಿಡುವ ಪಟ್ಟಿ, ಸೊಂಟದವರೆಗೆ ನೀರಲ್ಲಿ ಕೂರಿಸುವ ಕಟಿಸ್ನಾನ, ಉಪವಾಸ, ಪಥ್ಯ, ಮಾಲೀಶು, ಯೋಗಾಸನ ಇದರ ಸಾಧನಗಳು. ಆ್ಯಂಟಿಬಯೋಟಿಕ್ ಇಂಜೆಕ್ಷನ್, ಶಸ್ತ್ರಚಿಕಿತ್ಸೆ ಇದರ ವ್ಯಾಪ್ತಿಗೆ ಬರುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸಕ್ಕೆ ಮೊದಲು ಅದನ್ನು ಬರೆದುಕೊಟ್ಟ ವೈದ್ಯರನ್ನು ಕೇಳಲೇಬೇಕು.

ಭಾರತೀಯ ವೈದ್ಯ ಪದ್ಧತಿಗಳಿಗೆ ಕೇಂದ್ರವು 2020ರಲ್ಲಿ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಾಗ ಪ್ರಕೃತಿ ಚಿಕಿತ್ಸೆಯನ್ನು ಹೊರಗಿಟ್ಟಿತು. ಇದು ದೊಡ್ಡ ಕೊರತೆ: ಹೀಗಾಗಿ ನೋಂದಣಿಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ.