ರಬ್ಬರಿನ ಹತ್ತು ಎಸಳುಗಳು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷಿದ್ಧವಾಗಿರುವ ಆ ಎರಡು ತಿಂಗಳುಗಳಲ್ಲಿ ಮಲ್ಪೆಯ ಬಂದರು ನೋಡತಕ್ಕ ನೋಟವೇ ಸರಿ. ಸಾಲುಸಾಲಾಗಿ ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತ ಬೋಟುಗಳ ನಡುವೆ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿರುವಾಗ, ಅಂಥದೊಂದರ ಎಂಜಿನ್ ಕೋಣೆಗೆ ನಾನು ಬಗ್ಗಿ ಇಳಿದದ್ದು ಕೇವಲ ಕುತೂಹಲದಿಂದ. ಡೀಸೆಲಿನ, ಹಳೆಯ ಮೀನಿನ ವಾಸನೆ ಬೆರೆತ ಆ ಕತ್ತಲಲ್ಲಿ ಮೆಕ್ಯಾನಿಕನು ತಳದ ವಾಲ್ವನ್ನು ಮುಚ್ಚಿ, ಕೈಯಗಲದ ಹಿತ್ತಾಳೆಯ ಮುಚ್ಚಳವೊಂದರ ತಿರುಪುಗಳನ್ನು ಬಿಚ್ಚಿ, ಒಳಗಿನಿಂದ ಕರಿಯ ಹೂವಿನಂಥದೊಂದನ್ನು ಮೆಲ್ಲಗೆ ಎಳೆದು ನನ್ನ ಅಂಗೈಯಲ್ಲಿಟ್ಟನು. ಅದು ಇಂಪೆಲ್ಲರ್, ಸಮುದ್ರದ ನೀರನ್ನು ಎಂಜಿನ್ನಿನತ್ತ ಎಳೆದು ತರುವ ಪಂಪಿನ ಹೃದಯ.

"ಹತ್ತು ಬ್ಲೇಡು ಇತ್ತು, ಈಗ ಎಂಟೇ ಉಂಟು ಮಾರಾಯ್ರೆ" ಎಂದನು.

ಡೀಸೆಲ್ ಎಂಜಿನ್ನು ಉಂಡ ಇಂಧನದ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ದುಡಿಮೆಗೆ ಒದಗದೆ ತಂಪಿನ ನೀರಿಗೆ ಸೇರಿಹೋಗುತ್ತದೆ. ಉಪ್ಪುನೀರನ್ನು ನೇರವಾಗಿ ಕಬ್ಬಿಣದ ಒಡಲೊಳಗೆ ಹರಿಸಿದರೆ ತುಕ್ಕು ಅದನ್ನು ಉಣ್ಣುವುದು ನಿಶ್ಚಿತವಾದುದರಿಂದ, ಒಳಗೆ ಸಿಹಿನೀರು ತನ್ನಷ್ಟಕ್ಕೆ ಸುತ್ತುತ್ತಿರುತ್ತದೆ. ಸಮುದ್ರದ ನೀರು 'ಕೂಲರ್' ಎಂದು ಬಂದರಿನವರು ಕರೆಯುವ ಕೊಳವೆಗಳ ಪೆಟ್ಟಿಗೆಯಲ್ಲಿ ಆ ಸಿಹಿನೀರಿನ ಬಿಸಿಯನ್ನು ಹೊತ್ತುಕೊಂಡು ಮರಳಿ ಸಮುದ್ರಕ್ಕೆ ಬೀಳುತ್ತದೆ.

ನೀರೆತ್ತುವ ಚಕ್ರದ ಕಲ್ಪನೆ ಬಹು ಪುರಾತನ. ಫ್ರಾನ್ಸಿನ ಅರಸನ ಸೇವೆಯಲ್ಲಿದ್ದ ಇಟಲಿಯ ಅಗೊಸ್ತಿನೊ ರಮೆಲ್ಲಿ ಎಂಬ ಎಂಜಿನಿಯರು 1588ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದ ಯಂತ್ರಗ್ರಂಥದಲ್ಲಿ, ಪಕ್ಕಕ್ಕೆ ಸರಿದ ಅಕ್ಷದ ಚಕ್ರದಿಂದ ಹಲಗೆಗಳು ಹೊರಕ್ಕೂ ಒಳಕ್ಕೂ ಜಾರುತ್ತ ನೀರನ್ನು ನೂಕುವ ಪಂಪಿನ ಚಿತ್ರವಿದೆ. ಮರದ, ಲೋಹದ ಹಲಗೆಗೆ ಮರಳಿನ ಕಣವೊಂದು ಸಿಕ್ಕಿಕೊಂಡರೆ ಜಾರುವ ಮಾತೇ ನಿಂತುಹೋಗುವುದೊಂದು ತೊಡಕು. ಮುಂದೆ ಬಳಕೆಗೆ ಬಂದ ಕೇಂದ್ರಾಪಗಾಮಿ ಪಂಪಿಗಾದರೋ ಮೊದಲೇ ನೀರು ತುಂಬಿಸಿ ಕೊಡಬೇಕು. ನಮ್ಮ ತೋಟದ ಬಾವಿಯ ದಂಡೆಯಲ್ಲಿ ಕೊಡ ಹಿಡಿದು ಪಂಪಿಗೆ ನೀರು ಕುಡಿಸಿದವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ತಾನಾಗಿ ಗಾಳಿಯನ್ನೂ ನೀರನ್ನೂ ಎಳೆದುಕೊಳ್ಳಬಲ್ಲ, ಮರಳಿಗೆ ಹೆದರದ ಹಲಗೆ ಬೇಕಾಗಿತ್ತು; ಅಂದರೆ ಮಣಿಯುವ ಹಲಗೆ.

ಸಹಜ ರಬ್ಬರು ಮಣಿಯುವುದೇನೋ ನಿಜ, ಆದರೆ ಎಣ್ಣೆ ಸೋಕಿದರೆ ಉಬ್ಬಿ ಮೆತ್ತಗಾಗುತ್ತದೆ; ಎಂಜಿನ್ ಕೋಣೆಯಲ್ಲಿ ಎಣ್ಣೆ ಸೋಕದ ಸ್ಥಳವೆಲ್ಲಿ? ಇದಕ್ಕೆ ಉತ್ತರ ದೊರೆತದ್ದು, ಪಂಪಿನ ಗೊಡವೆಯೇ ಇಲ್ಲದ ಪಾದ್ರಿಯೊಬ್ಬರ ಪ್ರಯೋಗಶಾಲೆಯ ದಾರಿಯಾಗಿ. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ಜೂಲಿಯಸ್ ನ್ಯೂಲೆಂಡ್ ಅವರು ಅಸಿಟಿಲೀನ್ ಅನಿಲದ ಮೇಲೆ ವರ್ಷಾನುವರ್ಷ ನಡೆಸಿದ ಸಂಶೋಧನೆಯನ್ನು 1925ರ ಸಭೆಯೊಂದರಲ್ಲಿ ವಿವರಿಸಿದಾಗ ಡುಪಾಂಟ್ ಕಂಪನಿಯವರು ಕಿವಿಗೊಟ್ಟರು. 1930ರ ಏಪ್ರಿಲಿನಲ್ಲಿ ಆ ಕಂಪನಿಯ ವ್ಯಾಲೆಸ್ ಕರೊಥರ್ಸ್ ಅವರ ತಂಡದ ಆರ್ನಲ್ಡ್ ಕಾಲಿನ್ಸ್ ಅವರು ತೆಗೆದಿಟ್ಟ ದ್ರವವೊಂದು ತಾನಾಗಿ ಗಟ್ಟಿಯಾಗಿ, ಮೇಜಿಗೆ ಎಸೆದರೆ ಚೆಂಡಿನಂತೆ ಪುಟಿಯಿತು. ಅದೇ ನಿಯೋಪ್ರೀನ್. ಅಪರಿಗ್ರಹದ ವ್ರತ ತೊಟ್ಟಿದ್ದ ಪಾದ್ರಿಗಳಿಗೆ ಬರಬೇಕಾದ ಗೌರವಧನ ವಿದ್ಯಾಲಯಕ್ಕೆ ಸಂದಿತೆಂಬುದನ್ನು, ಪ್ರಸ್ತುತಕ್ಕೆ ಅಗತ್ಯವಿಲ್ಲದಿದ್ದರೂ, ಹೇಳದೆ ಬಿಡಲು ಮನಸ್ಸು ಬಾರದು.

ಮುಂದಿನ ಹತ್ತು ವರ್ಷಗಳ ಆಸುಪಾಸಿನಲ್ಲಿ ಅಮೆರಿಕದಲ್ಲೇ ಈ ಬಾಗುವ ಎಸಳಿನ ಪಂಪು ರೂಪು ತಳೆಯಿತು. ಅದರ ಯುಕ್ತಿಯೆಲ್ಲ ಇರುವುದು ರಬ್ಬರಿನಲ್ಲಿ ಮಾತ್ರವಲ್ಲ, ಅದು ವಾಸಿಸುವ ಮನೆಯ ವಕ್ರತೆಯಲ್ಲಿ. ಮನೆಯ ಒಳಗೋಡೆ ಪೂರ್ಣ ವೃತ್ತವಲ್ಲ; ಒಂದು ಮಗ್ಗುಲಲ್ಲಿ ಬೇಕೆಂದೇ ಉಬ್ಬಿಸಿರುತ್ತಾರೆ. ತಿರುಗುತ್ತ ಬಂದ ಎಸಳು ಆ ಉಬ್ಬಿಗೆ ಸೋಕಿ ಬಾಗಿದಾಗ ಎರಡು ಎಸಳುಗಳ ನಡುವಿನ ಎಡೆ ಕುಗ್ಗಿ ನೀರು ಹೊರದಾರಿ ಹಿಡಿಯುತ್ತದೆ. ಉಬ್ಬನ್ನು ದಾಟಿ ಎಸಳು ನೆಟ್ಟಗಾಗುತ್ತಲೇ ಎಡೆ ಹಿಗ್ಗಿ, ಆ ಶೂನ್ಯಕ್ಕೆ ಹೊಸ ನೀರು ನುಗ್ಗುತ್ತದೆ. ಪಂಪು ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆಯೆಂದು ಭಾವಿಸಿದರೆ, ಹತ್ತು ಗಂಟೆಯ ಯಾನದಲ್ಲಿ ಒಂದೊಂದು ಎಸಳೂ 9 ಲಕ್ಷ ಬಾರಿ ಬಾಗಿ ಏಳಬೇಕು.

ಇಷ್ಟು ದುಡಿದರೂ ದಣಿಯದ ಈ ವಸ್ತು ವಿಶ್ರಾಂತಿಯಲ್ಲಿ ಕೆಡುತ್ತದೆಂಬುದು ವಿಚಿತ್ರ. ನಿಷೇಧದ ಎರಡು ತಿಂಗಳು ಉಬ್ಬಿಗೆ ಒತ್ತಿಕೊಂಡು ನಿಂತ ಎಸಳು ಬಾಗಿದ ಭಂಗಿಯನ್ನೇ ಸ್ವಭಾವವಾಗಿಸಿಕೊಳ್ಳುತ್ತದೆ. ಇನ್ನು ನೀರಿಲ್ಲದೆ ತಿರುಗಿದರಂತೂ, ಆ ನೀರೇ ಅದಕ್ಕೆ ಎಣ್ಣೆಯೂ ತಂಪೂ ಆಗಿರುವುದರಿಂದ, ಒಂದೆರಡು ನಿಮಿಷವೂ ಬೇಡ, ಸುಟ್ಟು ಹರಿಯುತ್ತದೆ. ನನ್ನ ಅಂಗೈಯಲ್ಲಿದ್ದುದರ ಗತಿಯೂ ಅದೇ ಆಗಿತ್ತು: ಋತುವಿನ ಕೊನೆಯ ಯಾನದಲ್ಲಿ ನೀರೆಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲವೊಂದು ಅಂಟಿಕೊಂಡಿತ್ತಂತೆ, ದೋಣಿ ನಡೆಸುವ ತಾಂಡೇಲನು ಉಷ್ಣಮಾಪಕದ ಮುಳ್ಳನ್ನು ಕಂಡು ಎಂಜಿನ್ ನಿಲ್ಲಿಸುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು.

ಹೊಸದನ್ನು ಕೂರಿಸುವುದು ಐದು ನಿಮಿಷದ ಕೆಲಸ. ಪಾತ್ರೆ ತೊಳೆಯುವ ಸಾಬೂನಿನ ನೀರು ಸವರಿ, ಎಸಳುಗಳೆಲ್ಲ ಹಿಂದಕ್ಕೆ ಬಾಗುವಂತೆ ಪಂಪು ತಿರುಗುವ ದಿಕ್ಕಿಗೇ ತಿರುಚುತ್ತ ಒಳಗೆ ದಬ್ಬಿದರೆ ಆಯಿತು. ಆದರೆ ಮೆಕ್ಯಾನಿಕನು ಹೊಸದರ ಪೊಟ್ಟಣವನ್ನು ಇನ್ನೂ ಒಡೆದಿರಲಿಲ್ಲ. ಕಳೆದುಹೋದ ಎರಡು ಎಸಳುಗಳು ನೀರಿನೊಡನೆ ಕೂಲರಿನ ಸಪೂರ ಕೊಳವೆಗಳ ಬಾಯಿಗೆ ಹೋಗಿ ಕುಳಿತಿರಲೇಬೇಕು. ಅವನ್ನು ಬಿಟ್ಟು ಹೊಸತು ಹಾಕಿದರೆ ನೀರಿನ ದಾರಿ ಅರ್ಧ ಮುಚ್ಚಿಯೇ ಇರುತ್ತದೆ. ಕೂಲರಿನ ಮುಚ್ಚಳ ಬಿಚ್ಚಿ, ಮೊಬೈಲಿನ ಬೆಳಕು ಹಿಡಿಯಲು ನನಗೆ ಹೇಳಿ, ಸೈಕಲ್ಲಿನ ಕಡ್ಡಿಯೊಂದನ್ನು ಕೊಕ್ಕೆಯಾಗಿ ಬಾಗಿಸಿ ಒಂದು ಚೂರನ್ನು ಹೊರತೆಗೆದನು. ಎರಡನೆಯದಕ್ಕಾಗಿ ಮುಕ್ಕಾಲು ಗಂಟೆ ಹುಡುಕಿದೆವು. ಸಿಕ್ಕಿದ್ದು ಎರಡು ತುಂಡುಗಳಾಗಿ. ಅವನು ಅವೆರಡನ್ನೂ ಹಳೆಯ ಇಂಪೆಲ್ಲರಿನ ಮುರಿದ ಬುಡಕ್ಕೆ ಜೋಡಿಸಿ ನೋಡಿ, ಹೊಂದಿಕೊಂಡಿತೆಂದು ಖಾತ್ರಿಯಾದ ಮೇಲೆಯೇ ಪೊಟ್ಟಣಕ್ಕೆ ಕೈ ಹಾಕಿದನು.