ಕಾಫಿ ತೋಟದ ದಾರಿಯಲ್ಲಿ ನೂರು ಕಿಲೋಮೀಟರ್

ಮ್ಯಾರಥಾನ್ ಎಂದರೆ 42.195 ಕಿ.ಮೀ. ಅದನ್ನೂ ಮೀರಿದ ಓಟವೇ ಅಲ್ಟ್ರಾಮ್ಯಾರಥಾನ್. ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಲ್ಲಿ 50, 100 ಕಿ.ಮೀ. ಓಡಬಯಸುವವರಿಗೆ ಡಾಂಬರು ರಸ್ತೆಯ ಅಭ್ಯಾಸ ಏನೇನೂ ಸಾಲದು.

ಏರಿಗಿಂತ ಇಳಿಜಾರೇ ಕಾಲನ್ನು ಹೆಚ್ಚು ಹಣ್ಣು ಮಾಡುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅವುಗಳಲ್ಲಿ ಸೂಕ್ಷ್ಮ ಸೀಳುಗಳಾಗಿ ಮರುದಿನ ಮೆಟ್ಟಿಲಿಳಿಯುವುದೂ ಕಷ್ಟ. ಬೆಂಗಳೂರಿನ ಓಟಗಾರರು ನಂದಿಬೆಟ್ಟ ಹತ್ತಿಳಿದು ಅಭ್ಯಾಸ ಮಾಡುವುದು ಇದಕ್ಕೇ. ಆದರೆ ಕೊನೆಯ ಎರಡು ಮೂರು ವಾರ ಓಟ ತಗ್ಗಿಸಲೇಬೇಕು. ಉತ್ಸಾಹಿಗಳಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಈ ಸಂಯಮವೇ.

ಹೊಟ್ಟೆಗೂ ತರಬೇತಿ ಬೇಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಒಂದೆರಡು ಬಾಳೆಹಣ್ಣಿನಷ್ಟು, ಓಡುತ್ತಲೇ ತಿಂದು ರೂಢಿಯಾಗಿರಬೇಕು. ನೀರಿನಲ್ಲೂ ಎಚ್ಚರ ಬೇಕು: ಬಾಯಾರಿಕೆ ಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ಪ್ರಾಣಕ್ಕೇ ಸಂಚಕಾರ.

ಹಿಂದಿನ ಸಂಜೆ ಚೀಲ ಸಿದ್ಧವಾಗುತ್ತದೆ. ಹೆಡ್‌ಲ್ಯಾಂಪ್, ಹೆಚ್ಚುವರಿ ಬ್ಯಾಟರಿ, ಸೀಟಿ, ತೆಳು ಮಳೆಯಂಗಿ. ಬೊಬ್ಬೆ ಏಳದಂತೆ ಕಾಲ್ಬೆರಳ ಸಂದಿಗೆ ವ್ಯಾಸಲೀನ್. ಮಳೆಗಾಲ ಮುಗಿದ ಮೇಲೂ ತೋಟದ ಒದ್ದೆ ಹುಲ್ಲಿನಲ್ಲಿ ಇಂಬಳ ಕಾದಿರುತ್ತವೆ; ಉದ್ದನೆಯ ಕಾಲುಚೀಲದ ಜೊತೆಗೆ ಮಲೆನಾಡಿಗರು ಬಳಸುವ ಸುಣ್ಣ, ಹೊಗೆಸೊಪ್ಪು ಇದ್ದರೆ ಒಳ್ಳೆಯದು.