ನರ್ಸ್ ಕೆಲಸ ಬಿಡದೆ ಬಿ.ಎಸ್ಸಿ. ಓದಬಹುದಾ? ಫೀಸು ಕಟ್ಟುವ ಮುನ್ನ ಇದನ್ನು ಓದಿ

ಹನುಮಂತನಗರ: ನಮ್ಮ 50 ಅಡಿ ರಸ್ತೆ, ಶ್ರೀನಗರ, ಗವಿಪುರದ ಸುತ್ತಮುತ್ತ ಜಿಎನ್‌ಎಂ ಮುಗಿಸಿ ನರ್ಸ್ ಆಗಿ ದುಡಿಯುತ್ತಿರುವ ಹೆಣ್ಣುಮಕ್ಕಳು ಬಹಳ ಇದ್ದಾರೆ. ಕೆಲಸ ಬಿಟ್ಟರೆ ಮನೆ ಬಾಡಿಗೆ ಕಟ್ಟೋಕಾಗಲ್ಲ. ಆದರೆ ಎಂ.ಎಸ್ಸಿ. ಓದಲು, ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಲು ಡಿಗ್ರಿ ಬೇಕೇ ಬೇಕು. ಹಾಗಾದರೆ ದಾರಿ ಏನು?

ಮೊದಲ ದಾರಿ: ರೆಗ್ಯುಲರ್ ಕಾಲೇಜು

ಜಿಎನ್‌ಎಂ ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾದವರಿಗೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಇದೆ. ಅವಧಿ 2 ವರ್ಷ. ಇದು ಪೂರ್ಣಾವಧಿ ಕೋರ್ಸ್. ಪರೀಕ್ಷೆಗೆ ಕೂರಲು ಥಿಯರಿ ಮತ್ತು ಪ್ರಾಕ್ಟಿಕಲ್ ಎರಡರಲ್ಲೂ ಶೇ 80 ಹಾಜರಾತಿ ಬೇಕು. ಡಿಗ್ರಿ ಕೈಗೆ ಬರುವ ಹೊತ್ತಿಗೆ ಪ್ರಾಕ್ಟಿಕಲ್ ಶೇ 100 ಮುಗಿದಿರಬೇಕು.

ಲೆಕ್ಕ ಹಾಕಿ ನೋಡಿ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಡ್ಯೂಟಿ, 9ಕ್ಕೆ ಕಾಲೇಜು, ಸಂಜೆ 4ಕ್ಕೆ ಬಿಟ್ಟರೆ ಮತ್ತೆ ಡ್ಯೂಟಿಗೆ ಉಳಿಯೋದು 4 ಗಂಟೆ. ಊಟ, ಬಸ್ಸು, ನಿದ್ದೆ ಎಲ್ಲ ಅದರಲ್ಲೇ. ನಿದ್ದೆಗೆಟ್ಟ ಕಣ್ಣಲ್ಲಿ ಇಂಜೆಕ್ಷನ್ ಡೋಸ್ ನೋಡುವಾಗ ತಪ್ಪಾದರೆ ಅನುಭವಿಸುವವರು ರೋಗಿ. ಆದ್ದರಿಂದ ಈ ದಾರಿ ಹಿಡಿಯುವವರು ವೇತನಸಹಿತವೋ ರಹಿತವೋ, ಆಸ್ಪತ್ರೆಯಿಂದ ರಜೆ ಕೇಳುವುದೇ ಸರಿ. ಬಾಯಿಮಾತು ಬೇಡ, ಬರಹದಲ್ಲಿ ಪಡೆಯಿರಿ.

ಎರಡನೇ ದಾರಿ: ದೂರ ಶಿಕ್ಷಣ

ಕೆಲಸದಲ್ಲಿರುವ ನರ್ಸ್‌ಗಳಿಗೆಂದೇ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಪೋಸ್ಟ್ ಬೇಸಿಕ್ ಬಿ.ಎಸ್ಸಿ. ರೂಪಿಸಿದೆ. ಕನಿಷ್ಠ 3 ವರ್ಷ ಹಿಡಿಯುತ್ತೆ. ಸೇವಾ ಅನುಭವ ಬೇಕು, ಪ್ರವೇಶ ಪರೀಕ್ಷೆ ಬರೆಯಬೇಕು. ಮನೆಯಲ್ಲಿ ಕೂತು ಓದಿದರೆ ಸಾಲದು, ಪ್ರಾಕ್ಟಿಕಲ್‌ಗೆ ಅಧ್ಯಯನ ಕೇಂದ್ರಕ್ಕೆ ಹೋಗಲೇಬೇಕು. ಅರ್ಜಿ ಕರೆದಿದ್ದಾರಾ, ಕೇಂದ್ರ ಎಲ್ಲಿ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

‘ಕಾಲೇಜಿಗೆ ಬರೋದೇ ಬೇಡ’ ಅಂದರೆ?

‘ದುಡ್ಡು ಕಟ್ಟಿ, ಪರೀಕ್ಷೆಗೆ ಮಾತ್ರ ಬನ್ನಿ’ ಎನ್ನುವ ಏಜೆಂಟರನ್ನು ನಂಬಬೇಡಿ. ರೆಗ್ಯುಲರ್ ಕೋರ್ಸಿಗೆ ಹಾಜರಾತಿ ವಿನಾಯಿತಿ ಕೊಡುವ ಅಧಿಕಾರ ಏಜೆಂಟರಿಗಿಲ್ಲ. ಒಂದೇ ದಿನ ವಾರ್ಡ್ ರಿಜಿಸ್ಟರ್‌ನಲ್ಲೂ ಕಾಲೇಜು ರಿಜಿಸ್ಟರ್‌ನಲ್ಲೂ ನಿಮ್ಮ ಸಹಿ ಇದ್ದರೆ, ಮುಂದೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವವರು ನೀವು. ಸೇವಾ ಪ್ರಮಾಣಪತ್ರ, ಡಿಗ್ರಿ ಎರಡರ ಮೇಲೂ ಅನುಮಾನ ಬರುತ್ತೆ.

ಸೇರುವ ಮುನ್ನ

- ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಅಂತ ಹೇಳಿದರೆ, ಆ ವರ್ಷದ ಸಂಯೋಜನೆ ಇದೆಯಾ ಕೇಳಿ. ವಿ.ವಿ. ಕಚೇರಿ ದೂರವೇನಿಲ್ಲ, ಜಯನಗರ 4ನೇ ಟಿ ಬ್ಲಾಕ್‌ನಲ್ಲೇ ಇದೆ.
- ಕೌನ್ಸಿಲ್ ಮಾನ್ಯತೆಯನ್ನೂ ಪರಿಶೀಲಿಸಿ.
- ಮೂಲ ಅಂಕಪಟ್ಟಿಗಳನ್ನು ಕೆಲಸದ ಜಾಗದಲ್ಲಿ ಒತ್ತೆ ಇಡಬೇಡಿ. ಪ್ರವೇಶದ ದಿನ ಅವೇ ಬೇಕು.
- ದುಡಿದ ಪ್ರತಿ ಆಸ್ಪತ್ರೆಯಿಂದಲೂ ದಿನಾಂಕ ಸಹಿತ ಅನುಭವ ಪತ್ರ ಪಡೆಯಿರಿ.

ಈ ಕೊನೆಯ ಕಾಗದ ಬಹಳ ಮುಖ್ಯ. ಎಂ.ಎಸ್ಸಿ. ನರ್ಸಿಂಗ್ ಸೇರಲು 1 ವರ್ಷದ ಅನುಭವ ಬೇಕು. ಪೋಸ್ಟ್ ಬೇಸಿಕ್ ಓದಿದವರಿಗೆ ಆ ಕೋರ್ಸಿಗೆ ಮೊದಲು ಮಾಡಿದ ಕೆಲಸವೂ ಲೆಕ್ಕಕ್ಕೆ ಬರುತ್ತೆ. ಅಂದರೆ ಈಗ ಮಾಡುತ್ತಿರುವ ನೈಟ್ ಡ್ಯೂಟಿ ವ್ಯರ್ಥವಲ್ಲ, ಪತ್ರ ಕೈಯಲ್ಲಿದ್ದರೆ. ಡಿಗ್ರಿ ಬಂದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಚ್ಚುವರಿ ವಿದ್ಯಾರ್ಹತೆ ಅಂತ ನೋಂದಾಯಿಸುವುದನ್ನು ಮರೆಯಬೇಡಿ.